ತೂಕ ಇಳಿಸಲು ಹೋಗಿ ಗೆರೆ ತಪ್ಪಿದ ಅಂಪೈರು

ಕೊಪ್ಪದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮೇಷ್ಟ್ರಾಗಿದ್ದೆ. ಮೊಬೈಲು ಹಿಡಿದು ಸಿಗ್ನಲ್ಲಿಗಾಗಿ ಜನ ಗುಡ್ಡ ಹತ್ತುತ್ತಿದ್ದ ಕಾಲ. ನನಗೆ ಗುಡ್ಡವೂ ಆಗುತ್ತಿರಲಿಲ್ಲ, ಮೆಟ್ಟಿಲೂ ಆಗುತ್ತಿರಲಿಲ್ಲ. ಮಕ್ಕಳಿಗೆ "ಬಗ್ಗಿ ಕಾಲ್ಬೆರಳು ಮುಟ್ಟಿ" ಅನ್ನುತ್ತಿದ್ದವನಿಗೆ ನಿಂತರೆ ತನ್ನ ಕಾಲ್ಬೆರಳೇ ಕಾಣುತ್ತಿರಲಿಲ್ಲ, ಹೊಟ್ಟೆ ಅಡ್ಡ. ಒಂದು ದಿನ ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಡ್ರಿಲ್ ಮಾಡಿಸೋರು ನೀವೋ, ಮಾಡಬೇಕಾದೋರು ನೀವೋ?" ಎಂದರು. ನಾನೂ ನಕ್ಕೆ. ಒಳಗೆ ಉರಿಯಿತು.

ಔಷಧಿ ಅಂಗಡಿಗಳಿಗೆ ಮಾಲು ಕೊಡುತ್ತಿದ್ದ ನನ್ನ ಷಡ್ಡಕನ ಹತ್ತಿರ ಹೇಳಿಕೊಂಡೆ. ಮುಂದಿನ ವಾರ ಒಂದು ಪುಟ್ಟ ಡಬ್ಬಿ ತಂದುಕೊಟ್ಟ.

"ದಿನಕ್ಕೊಂದು ನುಂಗು ಮಾರಾಯ. ಓಡೋದು ಬೇಡ, ಬೆವರೋದು ಬೇಡ."

"ಡಾಕ್ಟರಿಗೆ ಕೇಳ್ಬೇಕಾ?"

"ತೂಕ ಇಳಿಸೋಕೆ ಡಾಕ್ಟ್ರು ಎಂತಕ್ಕೆ?"

ಹೆಂಡತಿಗೂ ಹೇಳದೆ ನುಂಗತೊಡಗಿದೆ. ಬಾಯಿ ಒಣಗಿತು, ಹಸಿವು ಹೋಯಿತು, ಕಡುಬು ಮಾಡಿದ ದಿನವೂ ಎರಡಕ್ಕೇ ಎದ್ದೆ. "ಎಂತಾಯ್ತು ನಿಮಗೆ?" ಎಂದು ಅವಳು ಹಣೆ ಮುಟ್ಟಿ ನೋಡಿದಳು. ಹತ್ತು ದಿನಕ್ಕೆ ಬೆಲ್ಟು ಒಂದು ತೂತು ಒಳಗೆ ಹೋಯಿತು. ನನ್ನ ಖುಷಿಗೆ ಪಾರವಿಲ್ಲ. ಹುಬ್ಬಿನ ಮೇಲೆ ನೋವು ಶುರುವಾಗಿತ್ತು, ಟ್ಯೂಬ್‌ಲೈಟಿನ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು. ನಲವತ್ತಾಯಿತಲ್ಲ, ಚಾಳೀಸು ಇರಬೇಕು ಅಂದುಕೊಂಡೆ. ಪೇಪರು ಮಾತ್ರ ಚೆನ್ನಾಗಿಯೇ ಓದಲಿಕ್ಕಾಗುತ್ತಿತ್ತು, ದೂರದ್ದೆಲ್ಲ ಮಸುಕು. ಇದೆಂಥ ತಲೆಕೆಳಗಾದ ಚಾಳೀಸು ಎಂದು ಯೋಚಿಸುವಷ್ಟು ಬುದ್ಧಿ ಆಗ ಓಡಲಿಲ್ಲ.

ಆ ವಾರ ಎನ್.ಆರ್. ಪುರದಲ್ಲಿ ಹುಡುಗಿಯರ ವಾಲಿಬಾಲ್. ಶೃಂಗೇರಿ ಕಡೆಯ ಶಾಲೆಗೂ ಅಲ್ಲಿಯ ಶಾಲೆಗೂ ಪಂದ್ಯ, ನಾನೇ ಅಂಪೈರು. ಎತ್ತರದ ಕುರ್ಚಿ ಹತ್ತಿ ಕೂತರೆ ಆಚೆ ತುದಿಯ ಗೆರೆ ಹಾಲು ಚೆಲ್ಲಿದ ಹಾಗೆ ಕಂಡಿತು. ಕೊನೆಯ ಸೆಟ್ಟು, ಕೊನೆಯ ಪಾಯಿಂಟು. ಚೆಂಡು ಆ ಹಾಲಿನಲ್ಲೆಲ್ಲೋ ಬಿತ್ತು. ಗೆರೆ ಕಾಯುತ್ತಿದ್ದವರು ಔಟೆಂದು ಬಾವುಟ ಎತ್ತಿದ್ದರಂತೆ, ನನಗೆ ಬಾವುಟವೂ ಕಾಣಲಿಲ್ಲ, ಅವರೂ ಕಾಣಲಿಲ್ಲ. ಧೈರ್ಯವಾಗಿ ಸೀಟಿ ಊದಿ "ಇನ್!" ಎಂದೆ. ಶೃಂಗೇರಿ ಸೋತಿತು.

ಆ ತಂಡದ ಟೀಚರು ನನ್ನ ಹಳೆಯ ಸಹಪಾಠಿ. ಧುಮುಗುಡುತ್ತ ಬಂದವಳು ಬೈಯಲು ಬಾಯಿ ತೆರೆದು, ನನ್ನ ಮುಖ ನೋಡಿ ನಿಲ್ಲಿಸಿದಳು.

"ಚೆಂಡು ಒಂದು ಮಾರು ಆಚೆ ಬಿತ್ತು ಮಾರಾಯ. ನಿನ್ನ ಕಣ್ಣು ಎಂತಕ್ಕೆ ಇಷ್ಟು ಕೆಂಪು? ಅಲ್ಲಿ ಬೋರ್ಡಲ್ಲಿ ಎಂತ ಬರ್ದಿದೆ, ಓದು."

"ಬೋರ್ಡ್ ಎಲ್ಲಿದೆ?" ಎಂದೆ.

ರಟ್ಟೆ ಹಿಡಿದು ಆಟೋ ಹತ್ತಿಸಿದಳು. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ ಕಣ್ಣಿನ ಡಾಕ್ಟರು ಪುಣ್ಯಕ್ಕೆ ಅವತ್ತು ಇದ್ದರು. ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಏನಾದರೂ ಮಾತ್ರೆ ತಗೊಳ್ತಾ ಇದ್ದೀರಾ?" ಎಂದರು.

"ಇಲ್ಲ," ಎಂದೆ.

"ಹಾಗಾದ್ರೆ ಜೇಬಲ್ಲಿ ಗಲಗಲ ಅಂತಿರೋದು ಎಂತ?" ಎಂದಳು ಟೀಚರು.

ಡಬ್ಬಿ ಮೇಜಿನ ಮೇಲೆ ಬಂತು. ಡಾಕ್ಟರು ಹೆಸರು ಓದಿ ಗಂಭೀರರಾದರು. "ಇಂಥ ಮಾತ್ರೆ ಕೆಲವರಿಗೆ ಕಣ್ಣಿನೊಳಗಿನ ಒತ್ತಡ ಏರಿಸುತ್ತೆ. ಇನ್ನೂ ತಡ ಮಾಡಿದ್ದರೆ ದೃಷ್ಟಿಯೇ ಹೋಗಬಹುದಿತ್ತು. ಇವತ್ತಿಂದ ಇದು ಬಂದ್." ಅಲ್ಲೇ ಹನಿ ಹಾಕಿ ಕೂರಿಸಿಕೊಂಡರು, ಮರುದಿನ ಶಿವಮೊಗ್ಗಕ್ಕೆ ಕಳಿಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. ಹೆಂಡತಿ ಅಳುತ್ತಲೇ ಬೈದಳು. ಷಡ್ಡಕ ಒಂದು ತಿಂಗಳು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ವಾರದೊಳಗೆ ದೂರದ ಗೆರೆಗಳು ಗೆರೆಗಳಾದವು. ಹಸಿವೂ ತಿರುಗಿ ಬಂತು, ಬೆಲ್ಟಿನ ತೂತೂ. ಆಮೇಲೆ ಬೆಳಿಗ್ಗೆ ಮಕ್ಕಳ ಜೊತೆಗೇ ಓಡಲು ಶುರುಮಾಡಿದೆ, ಅವರು ಮೂರು ಸುತ್ತು ಮುಗಿಸುವಾಗ ನನ್ನದು ಒಂದು.

ಆ ಪಂದ್ಯ ಮಾತ್ರ ಎದೆಯಲ್ಲಿ ಚುಚ್ಚುತ್ತಿತ್ತು. ಎರಡೂ ಶಾಲೆಗೆ ಹೋಗಿ ಮಕ್ಕಳೆದುರು ನಿಂತು, ನನಗೆ ಕಣ್ಣು ಕಾಣುತ್ತಿರಲಿಲ್ಲ, ತಪ್ಪು ನನ್ನದು ಎಂದೆ. ಆ ಸೆಟ್ಟನ್ನು ಮತ್ತೆ ಆಡಿಸಿದರು, ಅಂಪೈರು ಬೇರೆಯವರು. ಶೃಂಗೇರಿಯವರು ಗೆದ್ದರು. ಅವತ್ತು ಚೆಂಡು ಹೊಡೆದಿದ್ದ ಎನ್.ಆರ್. ಪುರದ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಔಟು ಅಂತ ನಂಗೂ ಗೊತ್ತಿತ್ತು ಸರ್. ನೀವೇ ಕೊಟ್ರಿ, ತಗೊಂಡೆ."