ಸೋಬಾನೆಗೆ ಒಂದೇ ಟಿಕೆಟ್ಟು

"ನಿಮಗೆ ಅಲ್ಲಿ ಏನೂ ಕೆಲಸ ಇರೋದಿಲ್ಲಮ್ಮ," ಎಂದರು ಮೇಷ್ಟ್ರು, ಭಾರಿ ಖುಷಿಯ ಸುದ್ದಿ ಹೇಳುವವರ ಹಾಗೆ. ನಾನು ತಬ್ಬಿಬ್ಬಾದೆ. ಜರ್ಮನಿಯ ಒಂದು ಊರಿನಲ್ಲಿ ಚಳಿಗಾಲ ಪೂರ್ತಿ ಇರಬೇಕಂತೆ. ವಿಮಾನ ಅವರದು, ರೂಮು ಅವರದು, ಊಟ ಅವರದು, ಕೆಲಸ ಮಾತ್ರ ಇಲ್ಲ. ನಮ್ಮ ಹುಣಸೂರಿನ ಕಡೆ ಹೀಗೆ ಸುಮ್ಮನೆ ಕೂರಿಸಿ ಅನ್ನ ಹಾಕುವುದು ಹೊಸ ಅಳಿಯನಿಗೆ ಮಾತ್ರ, ಅದೂ ಮೊದಲ ವಾರ.

"ಹಂಗಾದ್ರೆ ಯಾಕೆ ಕರೀತಾರೆ ಸಾರ್?" ಎಂದೆ.

"ಸಂಗೀತಗಾರರು, ಶಬ್ದದಲ್ಲೇ ಏನೇನೋ ಮಾಡೋ ಕಲಾವಿದರು, ಎಲ್ಲ ದೇಶದಿಂದ ಬಂದು ಇರ್ತಾರೆ. ನಿಮ್ಮಷ್ಟಕ್ಕೆ ನೀವು ಹಾಡ್ಕೊಂಡಿರಬಹುದು. ಹಾಡದೆಯೂ ಇರಬಹುದು."

ಹಾಡದೆ ಇರುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಹನಗೋಡಿನ ಪಕ್ಕದ ನಮ್ಮ ಮನೆಯಲ್ಲೇ ಎಷ್ಟೋ ದಿನ ಹಾಡದೆ ಇದ್ದೇನೆ. ಇದನ್ನು ಕೇಳಬೇಕೆಂದುಕೊಂಡೆ, ಆದರೆ ದೊಡ್ಡ ಮನುಷ್ಯರು ಬೇಸರ ಮಾಡಿಕೊಂಡಾರೆಂದು ಬಾಯಿ ಮುಚ್ಚಿಕೊಂಡೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಈ ಮೇಷ್ಟ್ರು ಮೈಸೂರಿನ ಒಂದು ಕಾಲೇಜಿನವರು, ಹಳ್ಳಿ ಹಳ್ಳಿ ತಿರುಗಿ ಪದ ಕೂಡಿಹಾಕುವ ಹುಚ್ಚಿನವರು. ಹಿಂದಿನ ಮಳೆಗಾಲದಲ್ಲಿ ಒಬ್ಬ ಜರ್ಮನಿಯ ಹೆಂಗಸನ್ನು ನಮ್ಮೂರಿಗೆ ಕರೆತಂದಿದ್ದರು. ನಾನೂ ನನ್ನ ಓರಗಿತ್ತಿಯೂ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಓರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ಅಕ್ಕ. ಕೈಗೆ ಸೊಪ್ಪಿನ ಜಿಡ್ಡು ಮೆತ್ತಿತ್ತು, ಬಾಯಲ್ಲಿ ಪದ ನಡೆಯುತ್ತಿತ್ತು. ಆ ಜರ್ಮನಿಯ ಹೆಂಗಸು ನಮ್ಮಿಬ್ಬರ ಮಧ್ಯೆ ಮೈಕು ನೆಟ್ಟು ಕೂತಳು. ಸಂಜೆಯವರೆಗೂ ಏಳಲಿಲ್ಲ.

ಸೋಬಾನೆ ಪದ ಒಬ್ಬರೇ ಹೇಳುವಂಥದ್ದಲ್ಲ. ಒಬ್ಬಳು ಮುಂದೆ ಹೇಳಬೇಕು, ಇನ್ನೊಬ್ಬಳು ಅದೇ ಸಾಲನ್ನು ಎತ್ತಿಕೊಂಡು ಕೊನೆಗೆ ಸೋಬಾನೆ ಸೇರಿಸಿ ಬಿಡಬೇಕು. ಅವಳು ಹೇಳುವಾಗ ಇವಳಿಗೆ ಉಸಿರು, ಇವಳು ಹೇಳುವಾಗ ಅವಳಿಗೆ ಉಸಿರು. ಪದದೊಳಗೆ ಬೇರೆ ಬಿಡುವೇ ಇಲ್ಲ. ನಾನು ಮದುವೆಯಾಗಿ ಬಂದ ವರ್ಷದಿಂದ ಮುಂದೆ ಹೇಳುವವಳು ನಾನು, ಎತ್ತಿಕೊಳ್ಳುವವಳು ಅಕ್ಕ. "ನಿಂಗೆ ನೆಪ್ಪು ಜಾಸ್ತಿ, ನಂಗೆ ಗಂಟ್ಲು ಜಾಸ್ತಿ ಕಣ," ಎನ್ನುತ್ತಿದ್ದಳು. ನಿಜ. ಅಕ್ಕ ಎತ್ತಿಕೊಂಡರೆ ಚಪ್ಪರದ ಆಚೆ ಪಾತ್ರೆ ತೊಳೆಯುವವರೂ ಕೈ ನಿಲ್ಲಿಸುತ್ತಿದ್ದರು. ಪಿರಿಯಾಪಟ್ಟಣದ ಕಡೆಯಿಂದಲೂ ನಮ್ಮನ್ನು ಕರೆಯಲು ಬರುತ್ತಿದ್ದರು. ಬಂದವರು ಯಾವತ್ತೂ ಇಬ್ಬರನ್ನೇ ಕರೆಯುತ್ತಿದ್ದರು.

ಈ ಕರೆ ಬಂದದ್ದು ನನಗೊಬ್ಬಳಿಗೆ.

"ಅದೆಂಗೆ ಸಾರ್? ಅಕ್ಕ ಇಲ್ದೆ ಅರ್ಧ ಪದ ಕಣ್ರೀ ಆಗೋದು!" ಎಂದೆ. ದನಿ ಜೋರಾಗಿಯೇ ಇತ್ತು. ಮೇಷ್ಟ್ರು ಪಾಪ, ಜರ್ಮನಿಗೆ ಬರೆದು ಕೇಳಿದರು. ಒಂದು ರೂಮು, ಒಬ್ಬರು ಕಲಾವಿದರು, ಅದೇ ನಿಯಮ ಎಂದು ಉತ್ತರ ಬಂತು. ಇಬ್ಬರಲ್ಲಿ ನಾನೇ ಯಾಕೆ ಎಂದರೆ, ಅರ್ಜಿಯಲ್ಲಿ ಸ್ವಲ್ಪವಾದರೂ ಇಂಗ್ಲಿಷು ಬರಬೇಕೆಂದಿತ್ತು, ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಪದಕ್ಕೂ ಇಂಗ್ಲಿಷಿಗೂ ಎಲ್ಲಿಯ ನಂಟೋ ನನಗೆ ಇವತ್ತಿಗೂ ತಿಳಿಯದು.

ನನ್ನ ಗಂಡ ಒಂದೇ ಮಾತಿನಲ್ಲಿ ಮುಗಿಸಿದ. "ಸೊಪ್ಪಿನ ಕೆಲ್ಸ ಮುಗ್ದದೆ. ಓಗ್ಬಾ." ಅಕ್ಕ ಮಾತ್ರ ಪೊರಕೆ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಹೊರಡುವ ಹಿಂದಿನ ದಿನ ಹಿತ್ತಲಲ್ಲಿ ಅವಳ ಕೈ ಹಿಡಿದುಕೊಂಡು, "ಕ್ವಾಪವಾ ಅಕ್ಕ?" ಎಂದೆ.

"ಕ್ವಾಪ ಯಾಕೆ? ನನ್ ಮಗ್ಳ ಮದ್ವೆ ನೀ ಬರಾಗಂಟ ಮಾಡಾಕಿಲ್ಲ ಅಂತ ಬೀಗ್ರಿಗೆ ಏಳಿವ್ನಿ. ಅವ್ಳ ಅಸೆ ಪದ ನಾವಿಬ್ರೇ ಏಳ್ಬೇಕು. ಅದ್ನ ಮರೀಬ್ಯಾಡ, ಆಯ್ತಾ?"

"ಮರೆಯೋದುಂಟಾ?" ಎಂದೆ. ಅಳು ಬಂತು. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, "ಅಳ್ಬೇಡ ಬುಡು, ಗಂಟ್ಲು ಕಟ್ಕತ್ತದೆ," ಎಂದಳು.

ಆ ಊರಿನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಮೈಕು ನೆಟ್ಟಿದ್ದ ಹೆಂಗಸೇ ಅಲ್ಲಿ ಎಲ್ಲ ನೋಡಿಕೊಳ್ಳುವವಳು. ಒಂದು ಹಳೆಯ ಹಿಟ್ಟಿನ ಮಿಲ್ಲನ್ನು ರೂಮು ರೂಮಾಗಿ ಮಾಡಿದ್ದರು. ನನ್ನ ಕೈಗೆ ಬೀಗದ ಕೈ ಕೊಟ್ಟು ಹೊರಟಳು. ಬೆಳಗಾದರೆ ಏನು ಮಾಡುವುದು? ಪೊರಕೆ ಹುಡುಕಿ ರೂಮು ಗುಡಿಸಿದೆ, ಆಮೇಲೆ ಓಣಿ, ಆಮೇಲೆ ಮೆಟ್ಟಿಲು. ಆಕೆ ಓಡಿಬಂದು ಪೊರಕೆ ಕಿತ್ತುಕೊಂಡಳು. "ನೋ, ನೋ, ಯೂ ಆರ್ಟಿಸ್ಟ್!" ಆರ್ಟಿಸ್ಟಾದರೆ ಗುಡಿಸಬಾರದೇ? ಹಾಗಾದರೆ ನಮ್ಮೂರಿನಲ್ಲಿ ಆರ್ಟಿಸ್ಟುಗಳ ಮನೆ ಗುಡಿಸುವವರು ಯಾರು?

ಪಕ್ಕದ ರೂಮಿನಲ್ಲಿ ಪೋಲೆಂಡಿನಿಂದ ಬಂದ ಒಬ್ಬ ಗಡ್ಡದವನಿದ್ದ. ಅವನು ಬೆಳಗಿನಿಂದ ಸಂಜೆಯವರೆಗೆ ಗೋಡೆಯ ನೀರಿನ ಪೈಪಿಗೆ ಮೈಕು ಅಂಟಿಸಿಕೊಂಡು ಕಿವಿ ಕೊಟ್ಟು ಕೂರುತ್ತಿದ್ದ. ಅದೇ ಅವನ ಸಂಗೀತವಂತೆ. ಮೊದಲು ಯಾರೋ ಪಾಪ ತಲೆ ಕೆಟ್ಟವನೆಂದುಕೊಂಡೆ. ಒಂದು ದಿನ ನನ್ನ ಕಿವಿಗೂ ಹಾಕಿದ. ಒಳಗೆ ಯಾರೋ ಮುದುಕಿ ಗೊಣಗಿದಂತಿತ್ತು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಹಾಗಂತ ಅದಕ್ಕೆ ದೇಶ ಬಿಟ್ಟು ಬರುವುದೇ? ಅವನೂ ನನ್ನ ಬಗ್ಗೆ ಅದನ್ನೇ ಯೋಚಿಸಿದನೋ ಏನೋ.

ಒಂದು ವಾರವಾದ ಮೇಲೆ ಎಲ್ಲರೂ ಒಂದು ಹಜಾರದಲ್ಲಿ ಕೂತು ತಮ್ಮ ತಮ್ಮದನ್ನು ಕೇಳಿಸಬೇಕಾಯಿತು. ನನ್ನ ಸರದಿ ಬಂತು. ಮದುಮಗಳನ್ನು ಹಸೆಗೆ ಕರೆಯುವ ಪದದ ಮೊದಲ ಸಾಲು ಹೇಳಿದೆ, ನಿಲ್ಲಿಸಿದೆ. ಯಾರೂ ಎತ್ತಿಕೊಳ್ಳಲಿಲ್ಲ. ಯಾರು ಎತ್ತಿಕೊಳ್ಳಬೇಕು! ಆದರೆ ನನ್ನ ಗಂಟಲು ಕೇಳಬೇಕಲ್ಲ, ಅದು ಅಕ್ಕನ ಸಾಲು ಮುಗಿಯುವಷ್ಟು ಹೊತ್ತು ಕಾದೇ ಕಾಯಿತು. ಇನ್ನೊಂದು ಸಾಲು ಹೇಳಿದೆ, ಮತ್ತೆ ಕಾದೆ. ಹೀಗೆ ಪದ ಪೂರ್ತಿ ಕುಂಟಿಕೊಂಡು ಹೋಯಿತು. ನಾಚಿಕೆಯಿಂದ ತಲೆ ತಗ್ಗಿಸಿದರೆ ಚಪ್ಪಾಳೆಯೋ ಚಪ್ಪಾಳೆ. ಗಡ್ಡದವನ ಕಣ್ಣಲ್ಲಿ ನೀರು. "ದಿ ಸೈಲೆನ್ಸ್," ಎಂದ ಎದೆ ಮುಟ್ಟಿಕೊಂಡು. ಮಧ್ಯೆ ಮಧ್ಯೆ ನಾನು ಸುಮ್ಮನಾದೆನಲ್ಲ, ಅದೇ ಎಲ್ಲಕ್ಕಿಂತ ಚೆಂದವಂತೆ.

ಅಯ್ಯೋ ನಿಮ್ಮ ಮನೆ ಹಾಳಾಗ! ಅದು ಸುಮ್ಮನಾದದ್ದಲ್ಲ, ಅಲ್ಲಿ ನಮ್ಮ ಅಕ್ಕ ಇರಬೇಕಾಗಿತ್ತು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಇದನ್ನು ಹೇಳಲು ಎಷ್ಟು ಹೆಣಗಿದರೂ "ಸಿಸ್ಟರ್, ಸಿಸ್ಟರ್" ಎನ್ನುವುದಕ್ಕಿಂತ ಮುಂದೆ ಹೋಗಲಿಲ್ಲ. ಸಿಸ್ಟರ್ ತೀರಿಹೋಗಿದ್ದಾಳೆ ಎಂದು ತಿಳಿದುಕೊಂಡು ಒಬ್ಬಾಕೆ ನನ್ನನ್ನು ತಬ್ಬಿಕೊಂಡಳು. ಸಿಟ್ಟು ಬಂತು. ಆದರೆ ಆ ಚಪ್ಪಾಳೆ ಹಿತವಾಗಿಯೂ ಇತ್ತು. ನನ್ನ ಮನಸ್ಸು ನನಗೇ ಅರ್ಥವಾಗಲಿಲ್ಲ.

ಮನೆಗೆ ಆಗಷ್ಟೇ ಫೋನು ಬಂದಿತ್ತು. ಮೈಕಿನ ಹೆಂಗಸಿಗೆ ಏನೋ ಹೊಳೆದು, ಆಫೀಸಿನಿಂದ ನಮ್ಮ ಮನೆಗೆ ಫೋನು ಹಚ್ಚಿಕೊಟ್ಟಳು. ಅಕ್ಕನನ್ನು ಕರೆಸಿದೆ.

"ಅಕ್ಕ, ನಾನು ಮುಂದೆ ಏಳ್ತೀನಿ, ನೀನು ಎತ್ಕೊ."

"ಪೋನ್ನಾಗಾ? ತಲೆ ಕೆಟ್ಟದಾ ನಿಂಗೆ?" ಎಂದಳು. ನಗುತ್ತಿದ್ದಳು. ಅವಳ ದನಿ ಕೇಳಿಯೇ ನನ್ನ ಹೊಟ್ಟೆ ತಣ್ಣಗಾಯಿತು.

ಹೇಳಿದೆ, ಕಾದೆ. ಅಕ್ಕ ಯಾವತ್ತೂ ನನ್ನ ಸಾಲಿನ ಬಾಲ ಹಿಡಿದೇ ಎತ್ತಿಕೊಳ್ಳುವವಳು. ಈಗ ದನಿ ಬರಲೇ ಇಲ್ಲ. ಮರೆತಳೇನೋ ಎಂದು ಎರಡನೇ ಸಾಲಿಗೆ ಬಾಯಿ ಹಾಕಿದೆ, ಅಷ್ಟರಲ್ಲಿ ಅವಳ ದನಿ ಬಂದು ನನ್ನ ಮೇಲೆ ಬಿತ್ತು. ಇಬ್ಬರೂ ನಿಲ್ಲಿಸಿದೆವು. ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. ಮತ್ತೆ ಮತ್ತೆ ಅದೇ ಗೋಳು. ದೂರದ ಫೋನಿನಲ್ಲಿ ದನಿ ತಡವಾಗಿ ಬರುತ್ತದೆಂದು ನಮಗೆ ಯಾರು ಹೇಳಿದ್ದರು?

"ಯಾಕಿಂಗೆ ಓಡ್ತೀಯೆ?" ಎಂದಳು ಅಕ್ಕ. ನಗು ನಿಂತಿತ್ತು.

"ನಾನು ಓಡ್ತಿಲ್ಲಕ್ಕ, ನೀನೇ ತಡ ಮಾಡ್ತಿದ್ದೀಯೆ."

"ನಾನಾ? ಇಷ್ಟ್ ವರ್ಸದಲ್ಲಿ ಒಂದಿನ ತಡ ಮಾಡಿವ್ನಾ?" ಎಂದಳು. ಆಮೇಲೆ, "ಮಡಗ್ತೀನಿ ಕಣವ್ವ, ಒಲೆ ಮ್ಯಾಲೆ ಎಸ್ರದೆ," ಎಂದು ಇಟ್ಟಳು.

ಆಮೇಲೆ ನಾನೊಬ್ಬಳೇ ಎರಡೂ ಸಾಲು ಹೇಳತೊಡಗಿದೆ. ಬೇರೆ ದಾರಿ ಏನಿತ್ತು? ಆ ಮೈ ಮುದುರುವ ಚಳಿಯಲ್ಲಿ, ಕಿಟಕಿಯಾಚೆ ಮನುಷ್ಯರ ಸುಳಿವಿಲ್ಲದ ಜಾಗದಲ್ಲಿ, ಅಕ್ಕನ ಸಾಲು ನನ್ನ ಬಾಯಿಂದಲಾದರೂ ಕೇಳಿಸಲಿ ಎನಿಸುತ್ತಿತ್ತು. ಮೊದಮೊದಲು ಉಸಿರು ಸಾಲದೆ ಕೆಮ್ಮು ಬಂತು. ಬರುಬರುತ್ತಾ ಅಕ್ಷರದ ಸಂದಿಯಲ್ಲಿ ಉಸಿರು ಕದಿಯುವುದನ್ನು ಕಲಿತೆ. ಅಕ್ಕನ ಹಾಗೆ ದನಿಯನ್ನು ಮೇಲಕ್ಕೆ ಒಗೆದು ಸೋಬಾನೆಗೆ ಇಳಿಸುವುದನ್ನೂ ಕಲಿತೆ. ದಿನವೂ ಹೇಳಿದೆ. ಮಾಡಲು ಬೇರೆ ಕೆಲಸವೂ ಇರಲಿಲ್ಲವಲ್ಲ. ಅಲ್ಲಿಂದ ಹೊರಡುವ ಮುಂಚೆ ಆ ಊರಿನವರೆಲ್ಲ ಬಂದು ಕೂತರು, ಪದವನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲಿಸದೆ ಹೇಳಿದೆ. ನನ್ನ ಗಂಟಲಲ್ಲಿ ಇಷ್ಟೊಂದು ಇತ್ತೇ ಎಂದು ನನಗೇ ಬೆರಗಾಯಿತು. ಖುಷಿಯಾಯಿತು. ಅಂಥ ಖುಷಿ ನನಗೆ ಅದಕ್ಕಿಂತ ಮೊದಲು ಗೊತ್ತಿರಲಿಲ್ಲ.

ಊರಿಗೆ ಬಂದ ಹದಿನೈದು ದಿನಕ್ಕೆ ಅಕ್ಕನ ಮಗಳ ಮದುವೆ. ಹಾರನಹಳ್ಳಿಯ ಕಡೆಯ ಹುಡುಗ. ಪದ ಹೇಳಿ ನೋಡೋಣ ಎಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ನಾವು ಯಾವತ್ತೂ ಹಾಗೆ ಹೇಳಿ ನೋಡಿದವರಲ್ಲ. ಚಪ್ಪರದ ದಿನ ಅರಿಸಿನ ಹಚ್ಚಲು ಹುಡುಗಿಯನ್ನು ಹಸೆಯ ಮೇಲೆ ಕೂರಿಸಿದರು. ಹೆತ್ತವಳು ಪದ ಹೇಳದಿದ್ದರೆ ಏನಂತೆ, ಒಳಗೆ ಅಡಿಗೆ ಕೆಲಸ ನೋಡಿಕೋ ಎಂದು ಯಾರೋ ಮುದುಕಿ ಅಂದಳು. ಅಕ್ಕ ಮುಲಾಜಿಲ್ಲದೆ ತಿರುಗಿಬಿದ್ದಳು. "ನನ್ ಮಗ್ಳು ಅಸೆ ಮ್ಯಾಲೆ ಕುಂತವ್ಳೆ, ನಾನೇಳ್ದೆ ಇನ್ಯಾರೇಳಾರು? ಇದ್ಕೇ ಅಂತ ಮದ್ವೆನೇ ಮುಂದಕ್ಕಾಕಿವ್ನಿ." ಹೊಸ ಸೀರೆ ಉಟ್ಟಿದ್ದಳು. ನನ್ನ ಮಂಡಿಗೆ ಮಂಡಿ ತಾಗಿಸಿ ಕೂತು, "ಉಂ, ಎತ್ತವ್ವ," ಎಂದಳು.

ಎತ್ತಿದೆ. ಮೊದಲ ಸಾಲು ಮುಗಿಯಿತು. ನಾನು ನಿಲ್ಲಬೇಕಾಗಿತ್ತು. ಅಲ್ಲಿ ನಿಲ್ಲಬೇಕೆಂಬುದು ನನಗೆ ಗೊತ್ತು, ನನ್ನ ತಲೆಗೆ ಗೊತ್ತು, ಗಂಟಲು ಮಾತ್ರ ನಿಲ್ಲದೆ ಮುಂದಕ್ಕೆ ಹೋಗಿಬಿಟ್ಟಿತು. ಅಕ್ಕ ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವಳ ಸಾಲು ನನ್ನ ಬಾಯಲ್ಲಿತ್ತು. ಅವಳ ಹಾಗೆಯೇ ಮೇಲಕ್ಕೆ ಒಗೆದು ಅವಳ ಹಾಗೆಯೇ ಸೋಬಾನೆಗೆ ಇಳಿಸಿದೆ. ತಕ್ಷಣ ಎರಡನೆಯದು, ಅದರ ಹಿಂದೆಯೇ ಮತ್ತೆ ಅವಳದು. ಪಕ್ಕದಲ್ಲಿ ಅಕ್ಕ ಉಸಿರೆಳೆದುಕೊಂಡದ್ದು ಕೇಳಿಸಿತು. ಮೂರನೇ ಸಾಲಿಗೂ ಉಸಿರೆಳೆದುಕೊಂಡಳು. ಆಮೇಲೆ ಎಳೆದುಕೊಳ್ಳಲಿಲ್ಲ.

"ಅಬ್ಬಬ್ಬಾ, ಪಾರಿನ್ನಿಗೆ ಓಗ್ಬಂದು ಒಬ್ಳೇ ಎಂಗೇಳ್ತಾಳೆ ನೋಡ್ರೇ!" ಎಂದರು ಹಿಂದಿನಿಂದ ಯಾರೋ.

ಅಕ್ಕ ನನ್ನ ಮಂಡಿಯ ಮೇಲೆ ಕೈಯಿಟ್ಟಳು. "ಚೆಂದಾಗದೆ ಕಣವ್ವ. ನೀನೇ ಏಳ್ಬುಡು," ಎಂದು ಮೆಲ್ಲಗೆ ಹೇಳಿ ಎದ್ದಳು. ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಪದ ಹಸೆಯ ಮೇಲೆ ನಡುವೆ ಮುರಿಯಬಾರದು, ಹುಡುಗಿಗೆ ಒಳ್ಳೆಯದಲ್ಲ, ಹಾಗಾಗಿ ನಾನು ಹೇಳುತ್ತಲೇ ಇದ್ದೆ. ಅಕ್ಕ ಅರಿಸಿನದ ಬಟ್ಟಲು ತೆಗೆದುಕೊಂಡು ಮಗಳ ಮುಂದೆ ಮಂಡಿಯೂರಿ ಕೂತು ಕೆನ್ನೆಗೆ ಹಚ್ಚತೊಡಗಿದಳು. ಅವಳ ಸಾಲು ಬಂದಾಗಲೆಲ್ಲ ಅವಳ ತುಟಿ ಆಡುತ್ತಿತ್ತು, ದನಿ ನನ್ನದೇ ಬರುತ್ತಿತ್ತು.