ಮೂರು ಸಲ ಜಾರಿದ ಸೊಂಟ

ಬಲ ಸೊಂಟಕ್ಕೆ ಕೃತಕ ಕೀಲು ಹಾಕಿಸಿಕೊಂಡು ಎಂಟು ತಿಂಗಳಾಗಿತ್ತು. ಅಗ್ರಹಾರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ನೋವಿಲ್ಲದೆ ನಡೆಯುತ್ತಿದ್ದೇನಲ್ಲ ಎಂಬ ಹುರುಪಿನಲ್ಲಿ, ಒಂದು ಬೆಳಿಗ್ಗೆ ಕೆಳಗೆ ಬಿದ್ದ ಹುಕ್ಕು ಎತ್ತಿಕೊಳ್ಳಲು ಕುರ್ಚಿಯಿಂದಲೇ ಬಗ್ಗಿದೆ. ಒಳಗೆ ಏನೋ ಕಳಚಿದಂತಾಯಿತು. ಕಾಲು ಒಳಕ್ಕೆ ತಿರುಗಿ ನಿಂತುಬಿಟ್ಟಿತು.

ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಕೀಲನ್ನು ಮತ್ತೆ ಕೂರಿಸಿದರು. ನನ್ನ ಯಜಮಾನರು ಗೊಣಗಿದ್ದು ಒಂದೇ ಮಾತು: “ಹುಕ್ಕು ಬಿದ್ರೆ ಬಿದ್ದಿರ್ಲಿ ಅಂತ ಬುಟ್ಬುಡೋದಲ್ವೇನೇ?”

ಎರಡನೇ ಸಲ ನೆಂಟರ ಮನೆಯ ತಗ್ಗು ಸೋಫಾದಿಂದ ಏಳುವಾಗ ಜಾರಿತು. ಮೂರನೇ ಸಲ ಹಾಸಿಗೆಯಲ್ಲಿ ಮಗ್ಗುಲಾದದ್ದಷ್ಟೇ. ನನ್ನ ಅಜಾಗರೂಕತೆಯೇ ಕಾರಣವೆಂದು ಒಳಗೊಳಗೇ ಕುಗ್ಗಿಹೋಗಿದ್ದೆ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಕೀಲಿನ ಗುಂಡು ಕೂರುವ ಬಟ್ಟಲು ಸಡಿಲವಾಗಿ ಓರೆಯಾಗಿದೆ. ನಿಮ್ಮ ತಪ್ಪಲ್ಲ” ಎಂದಾಗ ಎದೆಯ ಭಾರ ಇಳಿಯಿತು.

“ರವಿಕೆ ತೋಳು ಓರೆಯಾಗಿ ಕೂತ್ರೆ ನೀವೇನ್ಮಾಡ್ತೀರಿ?” ಎಂದು ಕೇಳಿದರು.

“ಬಿಚ್ಚಿ ಮತ್ತೆ ಹೊಲೀತೀನಿ.”

“ನಾವೂ ಅದನ್ನೇ ಮಾಡೋದು.”

“ಬಿಚ್ಚಿದ್ರೆ ಬಟ್ಟೆ ನಲುಗುತ್ತೆ ಡಾಕ್ಟ್ರೇ” ಎಂದೆ.

ಅವರು ನಕ್ಕರು, ಆದರೆ ಮುಚ್ಚಿಡಲಿಲ್ಲ. ಎರಡನೆಯದು ಮೊದಲಿನದಕ್ಕಿಂತ ದೊಡ್ಡ ಆಪರೇಷನ್, ಚೇತರಿಕೆ ನಿಧಾನ, ಸೋಂಕಿನ ಭಯವೂ ಹೆಚ್ಚು. ಕೀಲಿನ ನೀರು ತೆಗೆದು ಪರೀಕ್ಷಿಸಿ, ಸೋಂಕಿಲ್ಲವೆಂದು ಖಾತ್ರಿಯಾದ ಮೇಲೆಯೇ ದಿನ ಗೊತ್ತುಮಾಡಿದರು.

ಆಪರೇಷನ್ ಚೆನ್ನಾಗಿ ಆಯಿತು. ತೊಂದರೆ ಕೊಟ್ಟದ್ದು ಕೀಲು ಕದಲದಂತೆ ಕಾಲುಗಳ ನಡುವೆ ಇಡುವ ದಿಂಬು, ಗಳಿಗೆಗೊಮ್ಮೆ ಜಾರುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯನ್ನು ಕೇಳಿ, ಅಳತೆ ತೆಗೆದು, ಹೊಸದೊಂದನ್ನು ಹೊಲಿಸಲು ಯಜಮಾನರಿಗೆ ವಿಡಿಯೋ ಕಾಲ್ ಮಾಡಿದೆ. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ ಅವರು ನನ್ನ ಮೆಷಿನ್ನನ್ನು ಒಂದು ದಿನವೂ ಮುಟ್ಟಿದವರಲ್ಲ.

“ಸೂಜಿಗೆ ದಾರ ಯಾವ ಕಡೆಯಿಂದ ಕಣೇ?”

“ಎಡಗಡೆಯಿಂದ. ಅದು ಬಲಗಡೆ ಕಣ್ರೀ.”

ಪಕ್ಕದ ಮಂಚದಲ್ಲಿ ರಾಜೀವನಗರದ ನಿವೃತ್ತ ಟೀಚರೊಬ್ಬರಿದ್ದರು. ಅವರಿಗೂ ಸೊಂಟದ ಆಪರೇಷನ್ನೇ ಆಗಿತ್ತು. “ನಗಿಸ್ಬೇಡಿ, ಹೊಲಿಗೆ ಎಳೀತದೆ” ಎನ್ನುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಮರುದಿನ ದಿಂಬು ಬಂತು. ಹಳೆಯ ಜೀನ್ಸ್ ಬಟ್ಟೆಯ ತ್ರಿಕೋನ, ಒಂದು ಮೂಲೆ ಸೊಟ್ಟ, ಎರಡೂ ಬದಿಗೆ ಕಟ್ಟಲು ಪಟ್ಟಿ. ಒಂದಿಷ್ಟೂ ಕದಲಲಿಲ್ಲ. ವ್ಯಾಯಾಮದ ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪರವಾಗಿಲ್ಲ ಎಂದು ಒಪ್ಪಿಗೆ ಕೊಟ್ಟಳು. ಟೀಚರು ತಮಗೂ ಒಂದು ಬೇಕೆಂದರು. ಯಜಮಾನರು ಗಂಭೀರವಾಗಿ, “ಎರಡು ದಿನ ಟೈಮ್ ಕೊಡಿ” ಎಂದರು. ಮೂವತ್ತು ವರ್ಷ ನಾನು ಗಿರಾಕಿಗಳಿಗೆ ಹೇಳಿದ ಮಾತು ಅವರ ಬಾಯಲ್ಲಿ ಕೇಳಿ ನನಗೂ ಹೊಲಿಗೆ ಎಳೆಯಿತು.

ವಾಕರ್ ಬಿಟ್ಟು ಕೋಲು ಹಿಡಿಯಲು ಎರಡು ತಿಂಗಳು, ಕೋಲು ಬಿಡಲು ಇನ್ನೆರಡು ತಿಂಗಳು ಬೇಕಾಯಿತು. ಆಗಾಗ ಬೇಸರ ಬರುತ್ತಿತ್ತು, ಇಲ್ಲವೆನ್ನಲಾರೆ. ಆದರೆ ಅದಾದ ಮೇಲೆ ಎರಡು ವರ್ಷದಿಂದ ಕೀಲು ಒಮ್ಮೆಯೂ ಜಾರಿಲ್ಲ. ಲಷ್ಕರ್ ಮೊಹಲ್ಲಾಗೆ ಆಟೋದಲ್ಲಿ ಹೋಗಿ, ಅಂಗಡಿಯಿಂದ ಅಂಗಡಿಗೆ ನಡೆದು ಲೈನಿಂಗ್ ಬಟ್ಟೆ ನಾನೇ ಆರಿಸಿ ತರುತ್ತೇನೆ.

ನೆಲದ ಮೇಲೆ ಮಾತ್ರ ಕೂರುವಂತಿಲ್ಲ. ಈ ಸಲದ ಗೌರಿ ಪೂಜೆಯಲ್ಲಿ ಎಲ್ಲರೂ ಚಾಪೆಯ ಮೇಲೆ, ನಾನೊಬ್ಬಳೇ ಕುರ್ಚಿಯ ಮೇಲೆ. ಮುಜುಗರದಿಂದ ಸೆರಗು ಸರಿಪಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನದೇ ವಯಸ್ಸಿನ ಇನ್ನಿಬ್ಬರು ಮಂಡಿ ಹಿಡಿದುಕೊಂಡು ಎದ್ದು, “ನಮ್ಗೂ ಒಂದೊಂದು ಕುರ್ಚಿ ಹಾಕಿಸ್ರಮ್ಮ” ಎಂದರು.