ಒಗೆ ಕಣವ್ವಾ, ಒಗೆ!

ನಿನ್ನೆ ಮಧ್ಯಾಹ್ನ ಮಹದೇವಪುರದಲ್ಲಿ ಒಂದು ಗೃಹಪ್ರವೇಶ ಮುಗಿಸಿ ಮನೆಗೆ ಬಂದೆ. ಚಪ್ಪಲಿ ಬಿಡುವಷ್ಟರಲ್ಲೇ ಸೊಸೆ ಸ್ಮಿತಾ ಮೂಗು ಮುಚ್ಚಿಕೊಂಡಳು.

"ಅತ್ತೆ, ಹೋಮಕುಂಡದ ಒಳಗೇ ಕೂತಿದ್ರಾ? ಫುಲ್ ಸ್ಮೋಕ್ ಸ್ಮೆಲ್! ಸೀರೆ ಬಿಚ್ಕೊಡಿ, ಆ್ಯಪಲ್ಲಿ ಡ್ರೈಕ್ಲೀನ್ ಬುಕ್ ಮಾಡ್ತೀನಿ."

ಇವಳು ಆಫೀಸಿನವರ ಜೊತೆ ವೈಟ್‌ಫೀಲ್ಡಿನಲ್ಲಿ ಕೆಂಡದ ಮೇಲೆ ಸುಟ್ಟ ಪನೀರ್ ತಿಂದು ಬಂದ ದಿನ ಇವಳ ಕುರ್ತಾದಿಂದ ಏಳುವ ಹೊಗೆಗೆ ಮಾತ್ರ "ಸ್ಮೋಕಿ ಫ್ಲೇವರ್" ಎಂದು ಹೆಸರು. ಇರಲಿ, ಪೀಸ್ ಆಫ್ ಮೈಂಡ್ ಮುಖ್ಯ ಎಂದು ಒಳಗೆ ಹೋಗಿ ಸೀರೆ ಬದಲಿಸಿದೆ. ಆದರೆ ಸೀರೆ ಮಡಿಸುವಾಗ ಸೆರಗಿನಿಂದ ತುಪ್ಪ, ಸಮಿತ್ತು, ಸುಟ್ಟ ಕೊಬ್ಬರಿಯ ವಾಸನೆ ಎದ್ದಿತು ನೋಡಿ, ಕೈ ಅಲ್ಲೇ ನಿಂತುಬಿಟ್ಟಿತು.

ನಿಮಗೆ ಜಯಮ್ಮನವರನ್ನು ಪರಿಚಯ ಮಾಡಿಸಬೇಕು. ಮದುವೆಯಾದ ಹೊಸತರಲ್ಲಿ ಬಾಗಲಗುಂಟೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಅವರು. ಕೆಳಗೆ ಅವರು ಮತ್ತು ಅವರ ಹಸು, ಮೇಲೆ ನಾನು ಮತ್ತು ನಮ್ಮವರು. ನಮ್ಮವರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ನನಗೆ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಬಿಟ್ಟರೆ ಬೇರೆ ಆಸ್ತಿಯಿರಲಿಲ್ಲ. ಅದನ್ನು ಕೊತ್ತಂಬರಿ ಸೊಪ್ಪು ಮಾರುವವಳ ಮುಂದೆಯೂ ಧಾರಾಳವಾಗಿ ಖರ್ಚು ಮಾಡುತ್ತಿದ್ದೆ. ಜಯಮ್ಮ ನನ್ನನ್ನು "ಇಂಗ್ಲೀಸಮ್ಮ" ಎಂದೇ ಕರೆಯುತ್ತಿದ್ದರು. ಅವರ ಕನ್ನಡವೂ ನನಗೆ ಅಷ್ಟೇ ಫಾರಿನ್. "ಆಲು ಬಂತು ಕಣವ್ವ" ಎಂದು ಒಮ್ಮೆ ಕೂಗಿದಾಗ ಆಲೂಗಡ್ಡೆಗೆಂದು ಚೀಲ ಹಿಡಿದು ಇಳಿದಿದ್ದೆ. ಅವರು ಹಾಲಿನ ಚೊಂಬು ಹಿಡಿದು ನಿಂತಿದ್ದರು.

ಅವರ ತಂಗಿ ಮಾದನಾಯಕನಹಳ್ಳಿಯಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶದ ದಿನವೇ ಹಸು ಕರು ಹಾಕುವ ಲಕ್ಷಣ ತೋರಿಸಿತು. ಕೊಟ್ಟಿಗೆ ಬಿಟ್ಟು ಕದಲುವಂತಿಲ್ಲ. ಜಯಮ್ಮ ಕಣ್ಣೊರೆಸಿಕೊಳ್ಳುತ್ತ ತಮ್ಮ ಮದುವೆಯ ರೇಷ್ಮೆ ಸೀರೆಯನ್ನೇ ತಂದು ನನ್ನ ಕೈಗಿಟ್ಟರು.

"ಇದ್ನ ಉಟ್ಕೊಂಡು ನೀನ್ ಓಗ್ಬಾರವ್ವ. ನಾನೇ ಓದಂಗಾಯ್ತದೆ."

ನಾನು ಗೇಟು ದಾಟುತ್ತಿದ್ದಂತೆ ಕೊಟ್ಟಿಗೆಯಿಂದ ಇನ್ನೊಂದು ಕೂಗು ಬಂತು: "ಒಗೆ ಕಣವ್ವಾ, ಒಗೆ! ಮರೀಬ್ಯಾಡ!"

ಸ್ವಲ್ಪ ಹರ್ಟ್ ಆಯಿತು, ಸುಳ್ಳೇಕೆ ಹೇಳಲಿ. ಎರವಲು ತಂದದ್ದು ತಂದಾಗ ಇದ್ದುದಕ್ಕಿಂತ ಚೆನ್ನಾಗಿ ಹಿಂದಿರುಗಬೇಕು ಎಂದು ಸಿಸ್ಟರ್‌ಗಳು ತಲೆಗೆ ತುಂಬಿ ಕಳಿಸಿದ್ದ ಹುಡುಗಿ ನಾನು. ಅಂಥವಳಿಗೆ "ಒಗೆದುಕೊಡು" ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕೆ?

ಹೋಮದ ಮನೆಯಲ್ಲಿ ಜಯಮ್ಮನವರ ತಂಗಿ ನನ್ನನ್ನು ನೋಡಿ, ಅಲ್ಲಲ್ಲ, ಸೀರೆಯನ್ನು ನೋಡಿ, "ಅಕ್ಕನ್ ಸೀರೆ ಬಂದದೆ, ಮುಂದಕ್ ಕೂರ್ಸಿ" ಎಂದಳು. ಹೊಗೆ ನೇರವಾಗಿ ನನ್ನ ಮುಖಕ್ಕೇ ನುಗ್ಗಿತು. "ಹೊಗೆ ಪುಣ್ಯವಂತರನ್ನೇ ಹುಡುಕ್ಕೊಂಡ್ ಹೋಗತ್ತಮ್ಮ" ಎಂದು ಪುರೋಹಿತರು ಸಮಾಧಾನ ಹೇಳಿದರು. ಊಟಕ್ಕೆ ಏಳುವ ತನಕ ಪುಣ್ಯ ಕೆಮ್ಮುತ್ತಲೇ ಇದ್ದೆ.

ಮರುದಿನ ಸೀರೆಯನ್ನು ಅಂಟುವಾಳದ ನೀರಿನಲ್ಲಿ ಅದ್ದಿ ತೆಗೆದೆ. ಕೊಳೆ ಹೋಯಿತು, ಹೊಗೆ ಹೋಗಲಿಲ್ಲ. ನನ್ನ ಇಂಗ್ಲಿಷ್ ಮ್ಯಾಗಜೀನಿನಲ್ಲಿ "ಫ್ರೆಶ್ ಏರ್ ಸಾಕು" ಎಂದಿತ್ತು. ಬರೆದ ಪುಣ್ಯಾತ್ಗಿತ್ತಿ ನಮ್ಮ ಪಕ್ಕದ ಪೀಣ್ಯದ ಕಾರ್ಖಾನೆಗಳ ಗಾಳಿ ಕುಡಿದವಳಲ್ಲ. ತಾರಸಿಯ ಮೇಲೆ ಹರವಿದೆ. ಗಾಳಿ ತಿರುಗಿ, ಹೋಮದ ಹೊಗೆಯ ಮೇಲೆ ಯಾವುದೋ ಶೆಡ್ಡಿನ ರಬ್ಬರ್ ಕಾಯಿಸಿದ ವಾಸನೆ ಬಂದು ಕೂತಿತು. ಆಮೇಲೆ ವಿನೆಗರ್ ಬೆರೆಸಿದ ನೀರು. ಶಿಫ್ಟ್ ಮುಗಿಸಿ ಬಂದ ನಮ್ಮವರು ಬಾಗಿಲಲ್ಲೇ ಮೂಗರಳಿಸಿದರು.

"ಏನೇ, ಉಪ್ಪಿನಕಾಯಿ ಹಾಕಿದ್ಯಾ?"

"ಜಯಮ್ಮನವರ ಸೀರೆ ಕಣ್ರೀ."

"ಓಹೋ, ಸೀರೇದೂ ಹಾಕ್ತಾರಾ?"

ನಾನು ಸೋಲಲಿಲ್ಲ. ಮತ್ತೆ ಅಂಟುವಾಳ, ಮತ್ತೆ ತಣ್ಣೀರು, ಮನೆಯೊಳಗೇ ಫ್ಯಾನಿನ ಕೆಳಗೆ ಆರಿಸಿ, ಮೇಲೆ ಕರ್ಚೀಫ್ ಹಾಸಿ ಇಸ್ತ್ರಿ. ಕೊನೆಗೆ ಸೀರೆಯಿಂದ ಯಾವ ವಾಸನೆಯೂ ಬರದಂತಾಯಿತು. ಪರ್ಫೆಕ್ಟ್! ಮೆಡಲ್ ತೆಗೆದುಕೊಳ್ಳುವವಳ ಹಾಗೆ ಕೆಳಗಿಳಿದೆ.

ಜಯಮ್ಮ ಕೊಟ್ಟಿಗೆಯಲ್ಲಿದ್ದರು. ಹಸು ಅಷ್ಟು ಹೆದರಿಸಿಯೂ ಇನ್ನೂ ಕರು ಹಾಕದೆ, ಏನೂ ಗೊತ್ತಿಲ್ಲದಂತೆ ಮೆಲುಕು ಹಾಕುತ್ತಿತ್ತು. ಅವರು ಕೈ ತೊಳೆದು ಬಂದು, ಸೀರೆಯನ್ನು ಕಣ್ಣಿಗೊತ್ತಿಕೊಂಡು, ಮುಖ ಹುದುಗಿಸಿ ಉಸಿರೆಳೆದರು. ಇನ್ನೊಂದು ಮಗ್ಗುಲು ತಿರುಗಿಸಿ ಮತ್ತೆ ಎಳೆದರು.

"ಒಗೆ ಎಲ್ಲವ್ವಾ?"

"ಒಗೆದೇ ತಂದಿದೀನಿ ಜಯಮ್ಮನವರೇ. ನೀವು ಹೇಳಿದ್ರಲ್ಲ?"

"ಅಯ್ಯೋ ನನ್ ಕರ್ಮವೇ! ನಾನ್ ಏಳಿದ್ದು ಓಮದ್ ಒಗೆ ಕಣೇ, ಒಗೆ! ಸೀರೆಗ್ ಒಗೆ ತಾಗಿಸ್ಕೊಂಡ್ ಬಾ ಅಂದ್ರೆ, ಒಗ್ದು ಮೋರೀಗ್ ಬಿಟ್ಟಿದ್ದೀಯಲ್ಲ ಇಂಗ್ಲೀಸಮ್ಮಾ!"

ಆಗ ಹೊಳೆಯಿತು. ತಾವು ಹೋಗಲಾಗದ ಹೋಮಕ್ಕೆ ಅವರು ಸೀರೆಯನ್ನು ಕಳಿಸಿದ್ದರು. ನಾನು ನೆಪಕ್ಕೆ ಒಳಗಿದ್ದೆ, ಅಷ್ಟೇ. ಸಾರಿ ಎಂದೆ. ಆ ಪದಕ್ಕೆ ಅಲ್ಲೇನೂ ಬೆಲೆಯಿರಲಿಲ್ಲ.

ಅವರು ದಿನಾ ಮೇಲಕ್ಕೆ ಕಳಿಸುತ್ತಿದ್ದ ಮಜ್ಜಿಗೆ ನಿಂತಿತು. ಮಾತೂ ನಿಂತಿತು. ಹಸು ಕೊನೆಗೂ ಕರು ಹಾಕಿದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಬಟ್ಟಲು ತುಂಬ ಗಿಣ್ಣು ಇತ್ತು, ಕೆಳಗಿನಿಂದ ಕೂಗೂ ಬಂತು: "ಇದ್ನೂ ಒಗ್ದುಗಿಗ್ದೀಯ, ಅಂಗೇ ತಿನ್ನು!" ಅಷ್ಟು ರುಚಿಯಾದ ಗಿಣ್ಣು ನಾನು ಮತ್ತೆ ತಿಂದಿಲ್ಲ.

ನಾವು ಆಮೇಲೆ ಅದೇ ಬೀದಿಯಲ್ಲಿ ಸೈಟು ಕೊಂಡು ಅವರ ಎದುರೇ ಮನೆ ಕಟ್ಟಿದೆವು. ನಿನ್ನೆಯ ಗೃಹಪ್ರವೇಶ ಜಯಮ್ಮನವರ ಮೊಮ್ಮಗಳದ್ದು. ಮಂಡಿ ನೋವು, ಮೇಲೆ ಊರಿನ ಆ ತುದಿಯವರೆಗೆ ಟ್ರಾಫಿಕ್; ಅವರಿಗೆ ಬರಲಾಗಲಿಲ್ಲ.

"ಅತ್ತೆ, ಸೀರೆ ಕೊಡಿ, ಪಿಕಪ್‌ಗೆ ಬರ್ತಿದಾರೆ."

"ಕ್ಯಾನ್ಸಲ್ ಮಾಡಮ್ಮ. ಇದು ಡೆಲಿವರಿ ಆಗ್ಬೇಕು."

ಬೀದಿಯ ಗಾಳಿ ಕದ್ದುಕೊಳ್ಳದಿರಲೆಂದು ಸೀರೆಯನ್ನು ಎದೆಗವಚಿಕೊಂಡು ರಸ್ತೆ ದಾಟಿದೆ. ಜಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಸೀರೆಯನ್ನು ಅವರ ಮಡಿಲಿಗಿಟ್ಟೆ. ಅವರು ಮುಖ ಹುದುಗಿಸಿದರು. ಇನ್ನೊಂದು ಮಗ್ಗುಲು ತಿರುಗಿಸಿ ಮತ್ತೆ ಉಸಿರೆಳೆದರು. ನಾನು ರಿಸಲ್ಟಿಗೆ ಕಾಯುವ ಹುಡುಗಿಯಂತೆ ನಿಂತಿದ್ದೆ.

ಕೊನೆಗೆ ಒಂದು ಕಣ್ಣು ತೆರೆದು, "ತುಪ್ಪ ಕಮ್ಮಿ ಉಯ್ದವ್ರೆ ಕಣವ್ವ" ಎಂದರು.

ನನ್ನ ಸೀರೆ ಮಾತ್ರ ವಾಪಸ್ ಕೊಡಲಿಲ್ಲ.